26 ಮೊಲ ಮುಗಿದಿವೆ, 14 ಬಾಕಿ: ಕ್ರೋಶಾ ನಂಬಿ ಕೆಲಸ ಬಿಡಬಹುದಾ?

ಓದುಗರ ಪ್ರಶ್ನೆ: ನನಗೆ 34 ವರ್ಷ. ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. 9 ವರ್ಷದಿಂದ ಕ್ರೋಶಾ, ಅಂದರೆ ಕೊಕ್ಕೆ ಇರುವ ಒಂದೇ ಕಡ್ಡಿಯಲ್ಲಿ ನೂಲು ಹೆಣೆಯುವ ಕೆಲಸ, ಮಾಡುತ್ತಿದ್ದೇನೆ. ಮೊದಲು ಮೇಜಿನ ಹಾಸು, ಆಮೇಲೆ ಹೊದಿಕೆ, ಈಗ ಜಾಸ್ತಿ ಗೊಂಬೆಗಳು. ನೋಡಿದವರೆಲ್ಲ 'ಇಷ್ಟು ಚೆನ್ನಾಗಿ ಮಾಡ್ತೀಯ, ಮಾರಬಾರದಾ?' ಅನ್ನುತ್ತಿದ್ದರು. ಕಳೆದ ವರ್ಷದಿಂದ ಮಾರುತ್ತಿದ್ದೇನೆ. ಸಿನಿಮಾದ ಒಂದು ಕಾರ್ಟೂನ್ ಪಾತ್ರದ ಗೊಂಬೆಗೆ ಒಳ್ಳೆ ಬೇಡಿಕೆ ಇದೆ. ಎರಡು ತಿಂಗಳ ಹಿಂದೆ ಒಬ್ಬರು ಒಟ್ಟಿಗೆ 40 ಮೊಲದ ಗೊಂಬೆ ಬೇಕು ಅಂದರು, ಮುಂಗಡವನ್ನೂ ಕೊಟ್ಟರು. 26 ಮುಗಿದಿವೆ. ಈಗ ರಾತ್ರಿ ಹೊತ್ತು ಬಲಗೈ ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯುತ್ತವೆ. ಕಡ್ಡಿ ನೋಡಿದರೇ ಬೇಜಾರು. ಹಾಗಿದ್ದರೂ ಆಫೀಸಿನಲ್ಲಿ ಕೂತರೆ ಮನಸ್ಸೆಲ್ಲ ನೂಲಿನ ಮೇಲೇ ಇರುತ್ತದೆ. ಕೆಲಸ ಬಿಟ್ಟು ಇದನ್ನೇ ಮಾಡಬಹುದಾ? ನಾನು ಡಿಸೈನ್ ಓದಿಲ್ಲ. ಅಂಗಡಿಗಳಲ್ಲಿ ಇಂಥವೇ ಗೊಂಬೆಗಳು ನನ್ನ ನೂಲಿನ ಖರ್ಚಿಗೇ ಸಿಗುತ್ತವೆ. ದುಡ್ಡಿಗಾಗಿ ಮಾಡಿದರೆ ಪ್ರೀತಿ ಸತ್ತುಹೋಗುತ್ತದೆ ಅಂತ ಗೆಳತಿ ಹೇಳುತ್ತಾಳೆ. ಅಂದ ಹಾಗೆ, ಆಫೀಸಿನ ಬಿಡುವಿನಲ್ಲಿ ನಾಲ್ವರಿಗೆ ಚಿತ್ರ ಬರೆದುಕೊಟ್ಟು ಕಲಿಸಿದೆ. ನಾಲ್ವರೂ ಒಂದೊಂದು ಟೋಪಿ ಮುಗಿಸಿದರು. ಬಾಕಿ 14 ಮೊಲಗಳನ್ನು ಏನು ಮಾಡಲಿ ಅನ್ನುವುದನ್ನೂ ದಯವಿಟ್ಟು ಹೇಳಿ.

ಉತ್ತರ: ಮೊದಲು ಕೈ. ಮಿಕ್ಕಿದ್ದೆಲ್ಲ ಆಮೇಲೆ.

ಮಣಿಕಟ್ಟಿನ ಒಳಗೆ ಒಂದು ಇಕ್ಕಟ್ಟಾದ ದಾರಿ ಇದೆ. ಬೆರಳು ಮಡಚುವ ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಅದೇ ದಾರಿಯಲ್ಲಿ ಹೋಗುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಸ್ಪರ್ಶ ಹೆಚ್ಚಾಗಿ ಆ ನರದ್ದು. ಒಂದೇ ಚಲನೆಯನ್ನು ಸಾವಿರಾರು ಸಲ ಮಾಡಿದಾಗ ಒಳಗೆ ಬಾವು ಬರಬಹುದು. ಜಾಗ ಕಡಿಮೆ, ನರ ಒತ್ತಿಕೊಳ್ಳುತ್ತದೆ. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಳ್ಳುವುದರಿಂದ ರಾತ್ರಿ ಜೋಮು ಜಾಸ್ತಿ. ನಿಮ್ಮದು ಇದೇ ಅಂತ ನಾನು ಹೇಳಲಾರೆ, ವೈದ್ಯರೇ ನೋಡಿ ಹೇಳಬೇಕು. ಆದರೆ ನೀವು ಬರೆದಿರುವ ಲಕ್ಷಣಗಳು ಅದಕ್ಕೆ ತುಂಬ ಹತ್ತಿರ ಇವೆ. ಶುರುವಿನಲ್ಲೇ ಹೋದರೆ ವಿಶ್ರಾಂತಿ, ರಾತ್ರಿ ಕಟ್ಟಿಕೊಳ್ಳುವ ಪಟ್ಟಿ, ಒಂದಿಷ್ಟು ವ್ಯಾಯಾಮದಲ್ಲಿ ಎಷ್ಟೋ ಜನರಿಗೆ ಸರಿಹೋಗುತ್ತದೆ. ಸಹಿಸಿಕೊಂಡು ಕೂತರೆ ಹೆಬ್ಬೆರಳ ಬುಡದ ಸ್ನಾಯುವೇ ಸೊರಗಬಹುದು. ಈ ವಾರವೇ ತೋರಿಸಿ.

9 ವರ್ಷ ಬಾರದ ನೋವು ಈಗ ಯಾಕೆ ಬಂತು ಅಂತ ನಿಮಗೂ ಅನಿಸಿರಬೇಕು, ಅಲ್ವಾ? ಗೊಂಬೆ ಹೆಣಿಗೆ ಹೊದಿಕೆಯ ಹೆಣಿಗೆಯಂತಲ್ಲ. ಒಳಗಿನ ಹತ್ತಿ ಕಾಣಬಾರದು ಅಂತ ನೂಲಿನ ಚೀಟಿಯಲ್ಲಿ ಹೇಳಿದ್ದಕ್ಕಿಂತ ಸಣ್ಣ ಕಡ್ಡಿ ಹಿಡಿಯುತ್ತೇವೆ. ಬಿಗಿಯಾಗಿ ಹೆಣೆಯುತ್ತೇವೆ. ಪ್ರತಿ ಕುಣಿಕೆಗೂ ಕಡ್ಡಿಯನ್ನು ಒತ್ತಿ ತೂರಿಸಬೇಕು. ಅದರ ಮೇಲೆ ಕಾಟನ್ ನೂಲಾದರೆ ಉಣ್ಣೆಯ ಹಾಗೆ ಎಳೆದರೆ ಹಿಗ್ಗುವುದಿಲ್ಲ, ಆ ಎಳೆತವೆಲ್ಲ ಬೆರಳಿಗೇ ಬರುತ್ತದೆ. ಇಂಥದ್ದು ಒಂದಾದರೆ ಸಂತೋಷ. 40 ಆದರೆ ಕೈ ತಡೆಯುವುದಿಲ್ಲ.

ನಾನು 22 ವರ್ಷದಿಂದ ಇದೇ ನೂಲಿನ ಕೆಲಸದಲ್ಲಿ ಇದ್ದೇನೆ. ಮೊದಲ 6 ವರ್ಷ ಮಾಡಿ ಮಾರಿದೆ. ಆಮೇಲೆ ಪ್ಯಾಟರ್ನ್, ಅಂದರೆ ನೋಡಿ ಹೆಣೆಯಲು ಬೇಕಾದ ಹಂತ ಹಂತದ ಸೂಚನೆ, ಬರೆದೆ, ಕಲಿಸಿದೆ. ಈಗ ನಿಮ್ಮಂಥವರ ಲೆಕ್ಕದ ಪುಸ್ತಕ ಬಿಡಿಸಿ ಪಕ್ಕದಲ್ಲಿ ಕೂತು ನೋಡುವುದೇ ಹೆಚ್ಚಿನ ಕೆಲಸ. ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಗಂಟು ಬಿದ್ದಿವೆ. ಇದರಲ್ಲಿ ಹೊಟ್ಟೆಪಾಡು ನಡೆಯುತ್ತದಾ, ನಡೆದರೆ ಖುಷಿ ಉಳಿಯುತ್ತದಾ, ಓದಿಲ್ಲದ ನನಗೆ ಆ ಅರ್ಹತೆ ಇದೆಯಾ. ಇವನ್ನು ಒಟ್ಟಿಗೆ ಯೋಚಿಸಿದರೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ.

ಗೆಳತಿಯ ಮಾತಿನಿಂದ ಶುರು ಮಾಡುತ್ತೇನೆ. ಅದು ಪೂರ್ತಿ ಸುಳ್ಳಲ್ಲ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅನ್ನುವ ಮೂವರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ 'ಬರೆದರೆ ಬಹುಮಾನ ಕೊಡ್ತೀವಿ' ಅಂತ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ, ಬರೆದ ಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಕೆಲವು ದಿನ ಬಿಟ್ಟು ಪೆನ್ನುಗಳನ್ನು ಸುಮ್ನೆ ಇಟ್ಟು ನೋಡಿದರೆ, ಬಹುಮಾನಕ್ಕೆ ಒಪ್ಪಿ ಬರೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಅವನ್ನು ಮುಟ್ಟಿದರು. ಅನಿರೀಕ್ಷಿತವಾಗಿ ಬಹುಮಾನ ಸಿಕ್ಕ ಮಕ್ಕಳ ಆಸಕ್ತಿ ಕುಗ್ಗಿರಲಿಲ್ಲ. ಅಂದರೆ ಬಹುಮಾನ ಸಿಕ್ಕಿದ್ದರಿಂದಲೇ ಆಸಕ್ತಿ ಹೋಗಲಿಲ್ಲ. 'ಇದಕ್ಕಾಗಿ ಇದನ್ನು ಮಾಡು' ಅನ್ನುವ ಕರಾರು ಅದನ್ನು ಕುಗ್ಗಿಸಿತು.

ಈಗ ನಿಮ್ಮ ಮೊಲಗಳನ್ನು ನೋಡಿ. ಬಣ್ಣ ಆರ್ಡರ್ ಕೊಟ್ಟವರದು, ಅಳತೆ ಅವರದು, ದಿನಾಂಕ ಅವರದು. ಮೂರನೇ ಮೊಲದಿಂದ ಆಚೆಗೆ ನೀವು ತೀರ್ಮಾನ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ನಿಮಗೆ ಕ್ರೋಶಾ ಬೇಜಾರಾಗಿಲ್ಲ. ಹಾಗಿದ್ದಿದ್ದರೆ ಆಫೀಸಿನಲ್ಲಿ ಕೂತು ನೂಲಿನ ಬಗ್ಗೆ ಯಾಕೆ ಯೋಚಿಸುತ್ತಿದ್ದಿರಿ? ಒಂದೇ ಮೊಲವನ್ನು 40 ಸಲ ಮಾಡುವುದು ಬೇಜಾರಾಗಿದೆ. ಈ ವ್ಯತ್ಯಾಸ ಹಿಡಿದುಕೊಳ್ಳಿ, ಮುಂದಿನ ದಾರಿ ಆರಿಸುವಾಗ ಬೇಕಾಗುತ್ತದೆ.

ಇನ್ನು ಅಂಗಡಿಯ ಅಗ್ಗದ ಗೊಂಬೆ. 'ಮಷೀನಿನ ಜೊತೆ ಕೈ ಹೇಗೆ ಪೈಪೋಟಿ ಮಾಡೀತು' ಅಂತ ತುಂಬ ಜನ ಕೇಳುತ್ತಾರೆ. ಎರಡು ಕಡ್ಡಿಯಲ್ಲಿ ಹೆಣೆಯುವ ನಿಟ್ಟಿಂಗಿಗೆ ಮಷೀನ್ ಬಂದು ಕೆಲವು ಶತಮಾನಗಳೇ ಆದವು. ಕ್ರೋಶಾಕ್ಕೆ ಅಂಥ ಮಷೀನ್ ಮಾರುಕಟ್ಟೆಯಲ್ಲಿ ಇಲ್ಲ. ಕ್ರೋಶಾ ಮಷೀನ್ ಅಂತ ಕರೆಯುವ ಯಂತ್ರಗಳಿವೆ, ಆದರೆ ಅವು ಅಂಚಿನ ಪಟ್ಟಿ, ಲೇಸಿನಂಥವನ್ನು ಬೇರೆ ವಿಧಾನದಲ್ಲಿ ಹೆಣೆಯುತ್ತವೆ. ಒಂದು ಕುಣಿಕೆ ಮುಗಿಸಿ, ಹಿಂದಿನ ಸಾಲಿನ ಎಲ್ಲಿಗೆ ಬೇಕಾದರೂ ಕಡ್ಡಿ ತೂರಿಸಿ ಎಳೆಯುವ ಕೆಲಸವನ್ನು ಇವತ್ತಿಗೂ ಕೈಯೇ ಮಾಡಬೇಕು. ಹಾಗಾಗಿ ಅಂಗಡಿಯ ಆ ಗೊಂಬೆಯನ್ನೂ ಯಾರೋ ಒಬ್ಬರು ಕೂತು ಹೆಣೆದಿದ್ದಾರೆ. ಐದಾರು ಗಂಟೆ ಹಿಡಿಯುವ ಆ ಕೆಲಸಕ್ಕೆ ಏನು ಕೂಲಿ ಸಿಕ್ಕಿರಬಹುದು ಅಂತ ಬೆಲೆಚೀಟಿ ನೋಡಿದರೇ ಗೊತ್ತಾಗುತ್ತದೆ. ನನಗೆ ಅದು ಪ್ರತಿ ಸಲವೂ ಸಂಕಟ ಕೊಡುತ್ತದೆ. ಆ ಬೆಲೆಗೆ ಇಳಿದು ಗೆಲ್ಲುವ ದಾರಿ ನಿಮಗಿಲ್ಲ, ಗೆಲ್ಲಲೂಬಾರದು.

ಈಗ ಲೆಕ್ಕಕ್ಕೆ ಬರೋಣ. ನೀವು ದಿನವಿಡೀ ಬೇರೆಯವರ ಲೆಕ್ಕ ನೋಡುವವರು. ಆದರೆ ಪತ್ರದಲ್ಲಿ ಒಂದು ಮೊಲಕ್ಕೆ ಎಷ್ಟು ಹೊತ್ತು ಬೇಕು ಅನ್ನುವುದೇ ಇಲ್ಲ! ಬಹುತೇಕ ಎಲ್ಲರೂ ಹೀಗೇ. ಕೇಳಿದರೆ 'ಮೂರು ಗಂಟೆ ಇರಬಹುದು' ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಗಡಿಯಾರ ಮುಂದಿಟ್ಟುಕೊಂಡು ಒಂದು ಗೊಂಬೆ ಮಾಡಿದೆ. ತಲೆ, ಮೈ, ಕೈಕಾಲು, ಕಿವಿ ಹೆಣೆಯಲು 3 ಗಂಟೆ 10 ನಿಮಿಷ. ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತಿದ್ದೆ ನಾನು. ಆದರೆ ಮುಂದೆ ನೋಡಿ. ಹತ್ತಿ ತುಂಬಬೇಕು. ಕುತ್ತಿಗೆಗೆ ಕಡಿಮೆಯಾದರೆ ತಲೆ ವಾಲುತ್ತದೆ, ಆದ್ದರಿಂದ ಅಲ್ಲಿ ಕಡ್ಡಿಯ ಹಿಂಬದಿಯಿಂದ ಒತ್ತಿ ಒತ್ತಿ ತುಂಬಬೇಕು. ಎರಡು ಕಿವಿಗೆ ಗುಂಡುಪಿನ್ನು ಚುಚ್ಚಿ, ದೂರ ಇಟ್ಟು ನೋಡಿ, ಒಂದು ಸಾಲು ಕೆಳಗೆ ಇಳಿಸಿ, ಮತ್ತೆ ನೋಡಿ ಹೊಲಿಯಬೇಕು. ಕಣ್ಣು ಕಸೂತಿ ಹಾಕಬೇಕು. ಎಲ್ಲ ದಾರದ ತುದಿಗಳನ್ನೂ ಒಳಗೆ ಎಳೆದು ಕತ್ತರಿಸಬೇಕು. ಇದಕ್ಕೆ 1 ಗಂಟೆ 40 ನಿಮಿಷ. ಫೋಟೊ, ಕೊಳ್ಳುವವರ ಮೆಸೇಜುಗಳಿಗೆ ಉತ್ತರ, ಪ್ಯಾಕಿಂಗ್ ಸೇರಿ 50 ನಿಮಿಷ. ಒಟ್ಟು 5 ಗಂಟೆ 40 ನಿಮಿಷ. ಮೂರು ಗಂಟೆಯ ಬೆಲೆ ಇಟ್ಟು ಅದೆಷ್ಟೋ ಗೊಂಬೆಗಳನ್ನು ಆಗಲೇ ಮಾರಿಬಿಟ್ಟಿದ್ದೆ.

ಇದನ್ನು ಒಂದು ವರ್ಷಕ್ಕೆ ಹಾಕಿ ನೋಡೋಣ. ವಾರಕ್ಕೆ 40 ಗಂಟೆ ಕೆಲಸ ಅಂತ ಇಟ್ಟುಕೊಳ್ಳಿ. ನಾನು ಕಂಡ ಹಾಗೆ ಒಬ್ಬರೇ ನಡೆಸುವ ಕೆಲಸದಲ್ಲಿ ಅರ್ಧ ಹೊತ್ತು ನೂಲು ಕೊಳ್ಳುವುದು, ಫೋಟೊ, ಮೆಸೇಜು, ಪಾರ್ಸೆಲ್, ಲೆಕ್ಕ ಇವಕ್ಕೇ ಹೋಗುತ್ತದೆ. ಉಳಿಯುವುದು ವಾರಕ್ಕೆ 20 ಗಂಟೆ ಹೆಣಿಗೆ. ವರ್ಷಕ್ಕೆ 48 ವಾರ ಅಂದರೆ 960 ಗಂಟೆ. ಒಂದು ಮೊಲಕ್ಕೆ ಬರೀ ಕೈಕೆಲಸವೇ 5 ಗಂಟೆ ಹಿಡಿದರೆ ವರ್ಷಕ್ಕೆ 192 ಮೊಲ. ಒಂದು ಹೊದಿಕೆ 60 ಗಂಟೆ ಹಿಡಿದರೆ ವರ್ಷಕ್ಕೆ 16 ಹೊದಿಕೆ. ನಿಮ್ಮ ಈಗಿನ ವರ್ಷದ ಸಂಬಳವನ್ನು 192ರಿಂದ ಭಾಗಿಸಿ. ಬಂದದ್ದಕ್ಕೆ ಒಂದು ಮೊಲದ ನೂಲು, ಹತ್ತಿ, ಡಬ್ಬಿಯ ಖರ್ಚು ಕೂಡಿಸಿ. ಆ ಬೆಲೆಗೆ ವರ್ಷಕ್ಕೆ 192 ಜನ ಕೊಳ್ಳುತ್ತಾರಾ? ಅಂಗಡಿಯ ಮೂಲಕ ಮಾರಿದರೆ ಸಾಮಾನ್ಯವಾಗಿ ಮಾರಾಟ ಬೆಲೆಯ 40ರಿಂದ 50 ಶೇಕಡಾ ಅಂಗಡಿಯವರಿಗೇ ಹೋಗುತ್ತದೆ, ಅದನ್ನೂ ಸೇರಿಸಿ ನೋಡಿ.

'ನೂಲಿನ ಬೆಲೆಯ ಮೂರರಷ್ಟು ಇಟ್ಟರೆ ಸಾಕು' ಅನ್ನುವ ಸೂತ್ರ ನೀವೂ ಕೇಳಿರಬಹುದು. ಅದನ್ನು ನಂಬಬೇಡಿ. ಸಣ್ಣ ದಾರದ ಒಂದು ಮೇಜಿನ ಹಾಸು ಹೆಣೆಯಲು ಒಂದೇ ಉಂಡೆ ಸಾಕು, ಆದರೆ ಮೂವತ್ತು ಗಂಟೆ ಹಿಡಿಯಬಹುದು. ದಪ್ಪ ನೂಲಿನ ಹೊದಿಕೆಗೆ ಹತ್ತು ಉಂಡೆ ಬೇಕು, ಎರಡೇ ದಿನದಲ್ಲಿ ಮುಗಿಯಬಹುದು. ನೂಲಿನ ತೂಕಕ್ಕೂ ನಿಮ್ಮ ಶ್ರಮಕ್ಕೂ ಸಂಬಂಧವೇ ಇಲ್ಲ.

ಇಷ್ಟು ಹೇಳಿದ ಮೇಲೆ ಮಾಡಿ ಮಾರುವುದು ಗಿಟ್ಟುವುದೇ ಇಲ್ಲ ಅಂತ ಅಂದುಕೊಳ್ಳಬೇಡಿ. ಗಿಟ್ಟಿಸಿಕೊಂಡವರನ್ನು ನೋಡಿದ್ದೇನೆ. ಅವರೆಲ್ಲ ಅಂಗಡಿಯ ಕಪಾಟಿನಲ್ಲಿ ಸಿಗದಂಥದ್ದನ್ನು ಮಾಡುತ್ತಾರೆ. ಒಬ್ಬರ ಅಳತೆಗೇ ಹೆಣೆದ ಮದುವೆ ಉಡುಪು, ನಾಟಕದ ವೇಷಕ್ಕೆ ಬೇಕಾದ ಕಾಲರ್, ಮನೆಯ ನಾಯಿಯ ಫೋಟೊ ನೋಡಿ ಅದೇ ಮಚ್ಚೆಗಳಿರುವ ಗೊಂಬೆ. ಒಂದೊಂದೇ ಮಾಡುತ್ತಾರೆ, ಅದಕ್ಕೆ ತಕ್ಕ ಬೆಲೆ ಹೇಳುತ್ತಾರೆ. ಕೇಳಿ ವಾಪಸ್ ಹೋಗುವವರೂ ಜಾಸ್ತಿ. ಆ 'ಬೇಡ'ಗಳನ್ನು ಕೇಳಿಸಿಕೊಂಡು ನಿದ್ದೆ ಕೆಡದೆ ಇರಲು ಸಾಧ್ಯವಾ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ. ತಿಂಗಳಿಂದ ತಿಂಗಳಿಗೆ ಆದಾಯ ಏರುಪೇರಾಗುವುದೂ ಖಚಿತ.

ಕಾರ್ಟೂನ್ ಪಾತ್ರದ ಗೊಂಬೆಯನ್ನು ಮಾತ್ರ ಇವತ್ತೇ ನಿಲ್ಲಿಸಿ. ಪಾತ್ರದ ಹಕ್ಕು ಅದನ್ನು ಹುಟ್ಟಿಸಿದವರದು. ನಿಮ್ಮ ಕೈಯಿಂದಲೇ ಮಾಡಿದರೂ, ಬಣ್ಣ ಸ್ವಲ್ಪ ಬದಲಿಸಿದರೂ ಅನುಮತಿ ಇಲ್ಲದೆ ಮಾರುವಂತಿಲ್ಲ. 'ಎಲ್ಲರೂ ಮಾರ್ತಾರೆ' ಅನ್ನುವುದು ನೋಟಿಸು ಬಂದಾಗ ಕೆಲಸಕ್ಕೆ ಬರುವುದಿಲ್ಲ. ಆನ್‌ಲೈನ್ ಅಂಗಡಿಗಳು ದೂರು ಬಂದರೆ ಖಾತೆಯನ್ನೇ ಮುಚ್ಚುವುದುಂಟು. ಬೇರೆಯವರ ಪ್ಯಾಟರ್ನ್ ಕೊಂಡು ಹೆಣೆದ ವಸ್ತು ಮಾರುವಾಗಲೂ ಅದರಲ್ಲಿ ಬರೆದಿರುವ ಷರತ್ತು ಓದಿ. ಕೆಲವರು ಧಾರಾಳವಾಗಿ ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಇನ್ನೊಂದು ವಿಷಯ ಮಕ್ಕಳ ಸುರಕ್ಷತೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಕಿತ್ತು ಬರುವಂಥ ಸಣ್ಣ ಭಾಗ ಇರಬಾರದು ಅಂತ ಯೂರೋಪು, ಅಮೆರಿಕ ಸೇರಿ ಅನೇಕ ಕಡೆ ಕಾನೂನೇ ಇದೆ. ಪ್ಲಾಸ್ಟಿಕ್ ಕಣ್ಣಿನ ಬದಲು ದಾರದ ಕಣ್ಣು ಹಾಕುವುದು ಒಳ್ಳೆಯದು. ಆದರೆ ಅಷ್ಟಕ್ಕೇ ಆಟಿಕೆ ನಿಯಮಗಳಿಂದ ವಿನಾಯಿತಿ ಸಿಗುವುದಿಲ್ಲ, ಮಾರುವ ಕಡೆಯ ನಿಯಮ ನೋಡಿಕೊಳ್ಳಬೇಕು.

ಈಗ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಸಾಲು. ನೀವು ಅದನ್ನು 'ಅಂದ ಹಾಗೆ' ಅಂತ ಹೇಳಿ ದಾಟಿಬಿಟ್ಟಿದ್ದೀರಿ. ನಾಲ್ವರಿಗೆ ಚಿತ್ರ ಬರೆದು ಕಲಿಸಿದಿರಿ, ನಾಲ್ವರೂ ಟೋಪಿ ಮುಗಿಸಿದರು.

ಇದು ಸಾಮಾನ್ಯ ವಿಷಯವಲ್ಲ. ಹೊಸಬರು ಎಲ್ಲಿ ಬಿಟ್ಟುಬಿಡುತ್ತಾರೆ ಅಂತ ವರ್ಷಗಟ್ಟಲೆ ನೋಡಿದ್ದೇನೆ. ಸಾಲಿನ ಕೊನೆಯ ಕುಣಿಕೆ ಕಣ್ಣಿಗೆ ಕಾಣುವುದಿಲ್ಲ, ಬಿಟ್ಟು ತಿರುಗುತ್ತಾರೆ. ಮುಂದಿನ ಸಾಲಿನಲ್ಲೂ ಹಾಗೇ. ಹತ್ತು ಸಾಲಿನ ಹೊತ್ತಿಗೆ ಚೌಕ ಆಗಬೇಕಾದ್ದು ತ್ರಿಕೋನವಾಗಿ, 'ನನ್ನ ಕೈಗೆ ಇದು ಬರಲ್ಲ' ಅಂತ ಕಡ್ಡಿ ಒಳಗಿಡುತ್ತಾರೆ. ಟೋಪಿಯಲ್ಲಾದರೆ ಸುತ್ತು ಎಲ್ಲಿ ಶುರುವಾಯಿತು ಅಂತ ಗುರುತು ತಪ್ಪಿ, ಕುಣಿಕೆ ಹೆಚ್ಚಾಗಿ ಅಂಚು ಅಲೆಅಲೆ ಆಗುತ್ತದೆ. ನಿಮ್ಮ ನಾಲ್ವರಲ್ಲಿ ಒಬ್ಬರೂ ಹಾಗೆ ಕೈಬಿಡಲಿಲ್ಲ ಅಂದರೆ, ಅವರು ಎಲ್ಲಿ ಎಡವುತ್ತಾರೆ ಅಂತ ನಿಮಗೆ ಮೊದಲೇ ಕಂಡಿತ್ತು, ಅದನ್ನು ಚಿತ್ರದಲ್ಲಿ ಹಿಡಿದುಕೊಟ್ಟಿರಿ. ಹೆಣೆಯುವುದರಲ್ಲಿ ಕೈ ಪಳಗಿದವರು ಸಾವಿರಾರು ಜನ ಇದ್ದಾರೆ. ಹೆಣೆದದ್ದನ್ನು ಇನ್ನೊಬ್ಬರ ಕೈಗೆ ದಾಟಿಸಬಲ್ಲವರು ಕಡಿಮೆ.

ಈ ಕೌಶಲದ ಮೇಲೆ ನಿಂತ ಕೆಲಸ ಎರಡು. ಪ್ಯಾಟರ್ನ್ ಬರೆಯುವುದು, ಕಲಿಸುವುದು. ಪ್ಯಾಟರ್ನ್ ಮಾರುವುದು ಇಂಟರ್‌ನೆಟ್ ಬಂದ ಮೇಲೆ ಹುಟ್ಟಿದ್ದು ಅಂತ ತಿಳಿದವರಿದ್ದಾರೆ. 1840ರ ದಶಕದಲ್ಲೇ ಲಂಡನ್ನಿನಲ್ಲಿ ಎಲಿಯನೋರ್ ರೀಗೋ ದ ಲಾ ಬ್ರಾಂಶಾರ್ದಿಯೇರ್ ಅನ್ನುವ ಹೆಣ್ಣುಮಗಳು ಕ್ರೋಶಾ ಮಾದರಿಗಳ ಪುಸ್ತಕ ಒಂದರ ಮೇಲೊಂದು ತರುತ್ತಿದ್ದಳು. ಅದೇ ಹೊತ್ತಿಗೆ, 1845ರಿಂದ ಐರ್ಲೆಂಡಿನಲ್ಲಿ ಬರಗಾಲ. ಊಟಕ್ಕಿಲ್ಲದ ಮನೆಗಳಿಗೆ ಕ್ರೋಶಾ ಲೇಸು ಆಸರೆಯಾಯಿತು. ಒಬ್ಬಳು ಗುಲಾಬಿಯನ್ನೇ ಹೆಣೆಯುವುದು, ಇನ್ನೊಬ್ಬಳು ಎಲೆಯನ್ನೇ ಹೆಣೆಯುವುದು, ಮತ್ತೊಬ್ಬಳು ಅವನ್ನೆಲ್ಲ ಬಲೆಯಂತೆ ಜೋಡಿಸುವುದು, ಹೀಗೆ ಕೆಲಸ ಹಂಚಿಕೊಂಡಿದ್ದರು. ಆ ಹೆಂಗಸರ ಕೆಲಸ ಇವತ್ತು ಮ್ಯೂಸಿಯಮ್ಮುಗಳಲ್ಲಿದೆ. ಹೆಣೆದ ಕೈಗಳ ಹೆಸರು ಬಹುಪಾಲು ಅಳಿಸಿಹೋಗಿದೆ, ಮಾದರಿ ಬರೆದವಳ ಹೆಸರು ಉಳಿದಿದೆ. ಇದು ನ್ಯಾಯ ಅಂತ ನಾನು ಹೇಳುತ್ತಿಲ್ಲ. ಆದರೆ ಈ ಕಸುಬಿನಲ್ಲಿ ಯಾವ ಕೆಲಸ ಯಾರ ಹೆಸರಿಗೆ ಸೇರುತ್ತದೆ ಅನ್ನುವುದು ಆಗಿನಿಂದಲೂ ಹೀಗೇ ಇದೆ. ನಿಮ್ಮ 26 ಮೊಲ ಒಯ್ಯುವವರು ನಿಮ್ಮ ಹೆಸರು ಎಲ್ಲೂ ಹಾಕುವುದಿಲ್ಲ, ಅಲ್ವಾ?

ಪ್ಯಾಟರ್ನ್ ಒಂದು ಸಲ ಬರೆದು ಕೂತು ತಿನ್ನುವ ಗಂಟು ಅಂತ ಮಾತ್ರ ಭ್ರಮೆ ಬೇಡ. ನನಗೆ ಒಂದು ಚಿಕ್ಕ ಗೊಂಬೆಯ ಪ್ಯಾಟರ್ನ್ ಮುಗಿಸಲು ಇವತ್ತಿಗೂ 30ರಿಂದ 40 ಗಂಟೆ ಬೇಕು. ಹೆಣೆಯುತ್ತಾ ಪ್ರತಿ ಸುತ್ತಿನ ಕುಣಿಕೆ ಎಣಿಸಿ ಬರೆಯಬೇಕು. ಬರೆದದ್ದನ್ನೇ ಓದುತ್ತಾ ಇನ್ನೊಂದು ಹೆಣೆಯಬೇಕು. ಅದನ್ನು ಮೊದಲು ಮಾಡಿ ಗೊತ್ತಿಲ್ಲದ ಮೂರ್ನಾಲ್ಕು ಜನರಿಗೆ ಕೊಟ್ಟು ಮಾಡಿಸಬೇಕು. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನಿಮ್ಮ ವಾಕ್ಯ ತಪ್ಪಿದೆ ಅಂತ ಅರ್ಥ. ಆಮೇಲೆ ಹೆಸರುಗಳ ತೊಡಕು. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವ ಹೆಣಿಗೆಯನ್ನೇ ಬ್ರಿಟನ್ನಿನವರು ಡಬಲ್ ಕ್ರೋಶಾ ಅನ್ನುತ್ತಾರೆ. ಯಾವ ಪದ್ಧತಿ ಅಂತ ಮೊದಲ ಪುಟದಲ್ಲೇ ಹೇಳದಿದ್ದರೆ ಟೋಪಿಯ ಅಳತೆ ತಪ್ಪಿ ಕೊಂಡವರು ಸಿಟ್ಟಾಗುತ್ತಾರೆ. ಉಡುಪಿನ ಪ್ಯಾಟರ್ನ್ ಆದರೆ 10 ಸೆಂಟಿಮೀಟರ್ ಚೌಕದಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು ಅಂತ ಕೊಟ್ಟು, ಅಲ್ಲಿಂದ ಎಲ್ಲ ಸೈಜಿಗೂ ಲೆಕ್ಕ ಹಾಕಬೇಕು. ಇಲ್ಲಿ ಹಲವರು ಸೋಲುತ್ತಾರೆ. ನೀವು ಸೋಲುವುದಿಲ್ಲ ಅಂತ ನನಗೆ ಧೈರ್ಯ, ಯಾಕೆಂದರೆ ಸಾಲು ಸಾಲು ಅಂಕಿ ತಾಳೆ ನೋಡುವುದೇ ನಿಮ್ಮ ಕಸುಬು.

ಅಪಾಯ ಏನು ಅಂದರೆ, ಪ್ಯಾಟರ್ನ್ ಮೊದಲ ದಿನವೇ ದುಡ್ಡು ತರುವುದಿಲ್ಲ. ಹತ್ತು ಹದಿನೈದು ಸೇರಿದ ಮೇಲೆ, ಒಂದು ಇಷ್ಟವಾದವರು ಇನ್ನೊಂದನ್ನು ಹುಡುಕಿಕೊಂಡು ಬರುವ ಹಂತಕ್ಕೆ ನಿಧಾನವಾಗಿ ಕೈ ಹಿಡಿಯುತ್ತದೆ. ಕದ್ದು ಹಂಚುವವರೂ ಇದ್ದಾರೆ. ಹೆಣಿಗೆಯ ವಿಧಾನ ಯಾರ ಸ್ವತ್ತೂ ಅಲ್ಲ, ಆದರೆ ನೀವು ಬರೆದ ಮಾತು, ಚಿತ್ರ, ಫೋಟೊ ನಿಮ್ಮದೇ. ಇತ್ತೀಚೆಗೆ ಕಂಪ್ಯೂಟರ್ ಹುಟ್ಟಿಸಿದ, ಹೆಣೆಯಲಿಕ್ಕೇ ಆಗದ ಗೊಂಬೆಗಳ ಚಿತ್ರ ಹಾಕಿ ಸುಳ್ಳು ಪ್ಯಾಟರ್ನ್ ಮಾರುವುದೂ ಶುರುವಾಗಿದೆ. ಮೋಸ ಹೋದವರು ಈಗ ಎರಡು ಸಲ ನೋಡಿ ಕೊಳ್ಳುತ್ತಾರೆ. ಕೈ ಕಾಣುವ ಹಂತ ಹಂತದ ಫೋಟೊ, ಬೇರೆಯವರು ಮಾಡಿ ಮುಗಿಸಿದ ಗೊಂಬೆಯ ಫೋಟೊ ಇದ್ದರೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಕಲಿಸುವುದರಲ್ಲಿ ದುಡ್ಡು ಬೇಗ ಬರುತ್ತದೆ. ಒಂದು ಮೊಲಕ್ಕೆ ಹಿಡಿಯುವ ಐದು ಗಂಟೆಯಲ್ಲಿ ಎಂಟು ಜನರ ಎರಡು ತರಗತಿ ನಡೆಸಬಹುದು, ಕೈಗೂ ಆಯಾಸ ಕಡಿಮೆ. ಆದರೆ ಮಾತಾಡಿ ಮಾತಾಡಿ ಸುಸ್ತಾಗುತ್ತದೆ. ಎಡಗೈಯವರು ಬಂದಾಗ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ತೋರಿಸಬೇಕು. ಒಬ್ಬರೇ ಕೂತು ಹೆಣೆಯುವ ಮೌನ ಇಷ್ಟ ಅನ್ನುವವರಿಗೆ ಇದು ಹಿಂಸೆ. ನಿಮ್ಮ ನಾಲ್ವರು ಸಹೋದ್ಯೋಗಿಗಳ ಜೊತೆ ಕೂತಿದ್ದಾಗ ನಿಮಗೆ ಹೇಗನಿಸಿತು ಅಂತ ನೀವೇ ನೆನಪು ಮಾಡಿಕೊಳ್ಳಿ.

ಬೇರೆ ದಾರಿಗಳೂ ಇವೆ. ಫ್ಯಾಷನ್ ಕಂಪನಿಗಳಿಗೆ ಹೊಸ ಹೆಣಿಗೆಯ ಸ್ಯಾಂಪಲ್ ತುಂಡು ಮಾಡಿಕೊಡುವುದು, ಹಳೆಯ ಲೇಸು ರಿಪೇರಿ, ನೂಲಿನ ಕಂಪನಿಗಳಿಗೆ ಮಾದರಿ ಹೆಣೆದುಕೊಡುವುದು. ಇವೆಲ್ಲ ಪರಿಚಯ ಬೆಳೆದ ಮೇಲೆ ಸಿಗುವ ಕೆಲಸಗಳು, ಈಗಲೇ ಅವುಗಳ ಮೇಲೆ ಲೆಕ್ಕ ಹಾಕಬೇಡಿ.

ಡಿಸೈನ್ ಓದಿಲ್ಲ ಅನ್ನುವ ಕೊರಗಿಗೆ ಒಬ್ಬರ ವಿಷಯ ಹೇಳಬೇಕು. ಲಾಟ್ವಿಯಾದಲ್ಲಿ ಹುಟ್ಟಿದ ಡೈನಾ ತೈಮಿನಾ ಗಣಿತದವರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದಾಗ, ಹೈಪರ್ಬಾಲಿಕ್ ತಲ ಅಂತ ಕರೆಯುವ ಒಂದು ಬಗೆಯ ಬಾಗಿದ ಮೇಲ್ಮೈಯನ್ನು ವಿದ್ಯಾರ್ಥಿಗಳಿಗೆ ತೋರಿಸಲು ಕಾಗದದ ಮಾದರಿ ಇತ್ತು, ಮುಟ್ಟಿದರೆ ಹರಿಯುವಂಥದ್ದು. 1997ರಲ್ಲಿ ಅವರು ಅದನ್ನು ಕ್ರೋಶಾದಲ್ಲಿ ಹೆಣೆದರು. ಇಷ್ಟು ಕುಣಿಕೆಗೆ ಒಂದು ಕುಣಿಕೆ ಹೆಚ್ಚು ಅಂತ ಒಂದೇ ಲೆಕ್ಕದಲ್ಲಿ ಹೆಣೆಯುತ್ತಾ ಹೋದರೆ ಅಂಚು ಅಲೆಅಲೆಯಾಗಿ ಸುರುಳಿಯಾಗುತ್ತದೆ. ಹೊಸಬರ ಟೋಪಿಯನ್ನು ಕೆಡಿಸುವ ಅದೇ ಅಲೆ! ಅವರ ಆ ಮಾದರಿಗಳು ಆಮೇಲೆ ಗ್ಯಾಲರಿಗಳಿಗೂ ಹೋದವು. ತೈಮಿನಾ ಗಣಿತ ಬಿಟ್ಟು ಕ್ರೋಶಾಕ್ಕೆ ಬಂದವರಲ್ಲ. ತಮಗೆ ಗೊತ್ತಿದ್ದ ಎರಡನ್ನೂ ಒಂದೇ ಕಡ್ಡಿಯಲ್ಲಿ ಎಳೆದರು. ನಿಮ್ಮ ಲೆಕ್ಕಪತ್ರದ ಕೆಲಸವನ್ನೂ ಹಾಗೆ ನೋಡಿ. ಪ್ಯಾಟರ್ನ್ ಕೊಳ್ಳುವವರು ಸರ್ಟಿಫಿಕೇಟ್ ಕೇಳಿದ್ದನ್ನು ನಾನಂತೂ ನೋಡಿಲ್ಲ. ಹೊದಿಕೆಯ ಅಂಚು ನೆಟ್ಟಗಿದೆಯಾ, ಎರಡು ಕಣ್ಣು ಒಂದೇ ಸಾಲಿನಲ್ಲಿವೆಯಾ ಅಂತ ನೋಡುತ್ತಾರೆ. ಬಣ್ಣ ಜೋಡಿಸುವುದು, ಫೋಟೊ ತೆಗೆಯುವುದು ಇವನ್ನು ಚಿಕ್ಕ ಕೋರ್ಸಿನಲ್ಲಿ ಕಲಿಯಬಹುದು. ಅದಕ್ಕಾಗಿ ಮೂರು ವರ್ಷ ಕಾಲೇಜಿಗೆ ಹೋಗಬೇಕಿಲ್ಲ.

ಹಾಗಾದರೆ ಕೆಲಸ ಬಿಡಬೇಕಾ? ಈಗ ಬೇಡ. ಕೈ ನೋಯುತ್ತಿರುವಾಗ, ಮನಸ್ಸು ದಣಿದಿರುವಾಗ, ಒಂದೂ ಪ್ಯಾಟರ್ನ್ ಹೊರಗೆ ಬರದಿರುವಾಗ ಬಿಟ್ಟರೆ ಮೊದಲ ತಿಂಗಳ ಖರ್ಚಿಗೇ ಮತ್ತೆ 40 ಮೊಲ ಒಪ್ಪಿಕೊಳ್ಳಬೇಕಾಗುತ್ತದೆ. ಮಾಡಿ ಮಾರುತ್ತಿದ್ದ ಆ ಮೊದಲ ವರ್ಷಗಳನ್ನು ನಾನು ಹಾಗೇ ಕಳೆದೆ. ತಿಂಗಳ ಕೊನೆಗೆ ದುಡ್ಡು ಬೇಕಿತ್ತು, ಆದ್ದರಿಂದ ಬಂದ ಆರ್ಡರನ್ನೆಲ್ಲ ತೆಗೆದುಕೊಂಡೆ. ನನ್ನದೇ ಅನ್ನುವ ಒಂದು ವಿನ್ಯಾಸವನ್ನೂ ಆರು ವರ್ಷದಲ್ಲಿ ಮಾಡಲಿಲ್ಲ. ಇವತ್ತಿಗೂ ಅದು ನನಗೆ ನೋವಿನ ವಿಷಯ.

ಕೈ ಸುಧಾರಿಸಿದ ಮೇಲೆ ಒಂದು ವರ್ಷ ಹೀಗೆ ಮಾಡಿ ನೋಡಿ. ಆಫೀಸು ಇರಲಿ. ನಿಮ್ಮದೇ ಮೊಲದ ಪ್ಯಾಟರ್ನ್ ಬರೆಯಿರಿ, 26 ಸಲ ಮಾಡಿದ್ದೀರಿ, ಅದರ ಪ್ರತಿ ಸುತ್ತೂ ನಿಮಗೆ ಬಾಯಿಪಾಠ. ಅದೇ ನಾಲ್ವರು ಸಹೋದ್ಯೋಗಿಗಳಿಗೆ ಕೊಟ್ಟು, ಪಕ್ಕದಲ್ಲಿ ಕೂರದೆ, ಹೆಣೆಯಲು ಬಿಡಿ. ತಿಂಗಳಿಗೆ ಎರಡು ವಾರಾಂತ್ಯ ತರಗತಿ ನಡೆಸಿ. ಪ್ರತಿ ಗಂಟೆಯನ್ನೂ ಬರೆದಿಡಿ, ಮೆಸೇಜಿನ ಗಂಟೆಯನ್ನೂ ಬಿಡಬೇಡಿ. ಒಂದು ವಸ್ತುವನ್ನು ಮಾರಾಟಕ್ಕಲ್ಲದೆ ನಿಮಗಾಗಿ ಮಾತ್ರ ಹೆಣೆಯುತ್ತಾ ಇರಿ, ಯಾರು ಎಷ್ಟು ಕೇಳಿದರೂ ಕೊಡಬೇಡಿ. ವರ್ಷದ ಕೊನೆಗೆ ಆರು ತಿಂಗಳ ಮನೆಖರ್ಚು ಬೇರೆ ಇಟ್ಟಿದ್ದು, ಈ ಆದಾಯ ಸಂಬಳದ ಮೂರನೇ ಒಂದು ಭಾಗ ಮುಟ್ಟಿದ್ದರೆ, ಆಫೀಸಿನಲ್ಲಿ ಅರ್ಧ ದಿನದ ಕೆಲಸ ಕೇಳಬಹುದು. ಈ ಮೂರನೇ ಒಂದು ಭಾಗ ನನ್ನ ಅನುಭವದ ಅಂದಾಜು. ನಿಮ್ಮ ಮನೆಯ ಸಾಲ, ಜವಾಬ್ದಾರಿ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಮುಟ್ಟದಿದ್ದರೂ ನಷ್ಟ ಏನಿಲ್ಲ. ನಿಮ್ಮ ಹೆಸರಿನಲ್ಲಿ ನಾಲ್ಕಾರು ಪ್ಯಾಟರ್ನ್ ಇರುತ್ತವೆ, ಆಫೀಸು ಇರುತ್ತದೆ, ಸಂಜೆಗಳು ನಿಮ್ಮವೇ.

ಇನ್ನು ಬಾಕಿ 14 ಮೊಲ. ಒಂದಕ್ಕೆ 5 ಗಂಟೆಯಂತೆ 70 ಗಂಟೆ ಕೈಕೆಲಸ. ವೈದ್ಯರು ದಿನಕ್ಕೆ ಎರಡು ಗಂಟೆ ಹೆಣೆಯಲು ಒಪ್ಪಿದರೂ 35 ದಿನ, ಅಂದರೆ ಐದು ವಾರ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಬಿಚ್ಚಬೇಕು, ದಪ್ಪ ಹಿಡಿಯ ಕಡ್ಡಿ ಬಳಸಬೇಕು. ವೈದ್ಯರು ಬೇಡ ಅಂದರೆ ಒಂದೂ ಬೇಡ. ಕೊಡಬೇಕಾದ ದಿನ ಮುಗಿದ ಮೇಲೆ ಕ್ಷಮೆ ಕೇಳುವುದಕ್ಕಿಂತ ಈಗಲೇ ಹೇಳಿದರೆ ಆರ್ಡರ್ ಕೊಟ್ಟವರಿಗೂ ಬೇರೆ ಏರ್ಪಾಡು ಮಾಡಿಕೊಳ್ಳಲು ಸಮಯ ಸಿಗುತ್ತದೆ. ಇಷ್ಟು ಬರೆದು ಕಳಿಸಿ:

'ನಮಸ್ಕಾರ. ನೀವು ಹೇಳಿದ 40 ಮೊಲಗಳಲ್ಲಿ 26 ಸಿದ್ಧ ಇವೆ, ಈ ವಾರವೇ ಕಳಿಸುತ್ತೇನೆ. ಕೈಗೆ ತೊಂದರೆಯಾಗಿ ವೈದ್ಯರನ್ನು ನೋಡುತ್ತಿದ್ದೇನೆ, ಆದ್ದರಿಂದ ಉಳಿದ 14 ಹೇಳಿದ ದಿನಕ್ಕೆ ಆಗುವುದಿಲ್ಲ. ವೈದ್ಯರು ಒಪ್ಪಿದರೆ ಇನ್ನು ಆರು ವಾರದಲ್ಲಿ ಕೊಡಬಲ್ಲೆ. ಅಷ್ಟು ಕಾಯಲು ಆಗದಿದ್ದರೆ ಆ 14ರ ಮುಂಗಡವನ್ನು ಕೂಡಲೇ ವಾಪಸ್ ಮಾಡುತ್ತೇನೆ. ಯಾವುದು ಅನುಕೂಲ ಅಂತ ತಿಳಿಸಿ.'